ಮೌನದ ಕಿರುಗವಿತೆ: ಅರ್ಥ ಹುಡುಕುವ ಕ್ರಮ

ಮೌನದ ಮೇಲೆ ಬರೆದ ಪುಟ್ಟ ಕವಿತೆ ಓದುವಾಗ ಎರಡು ಕಡೆ ದಾರಿ ತಪ್ಪುತ್ತದೆ. ಇರುವುದು ನಾಲ್ಕೇ ಸಾಲು, ಹಾಗಾಗಿ ಒಂದೇ ಓದಿಗೆ ಮುಗಿಯಿತು ಅನ್ನಿಸುವುದು ಒಂದು. ಮೌನ ಎಂದ ಕೂಡಲೇ ಧ್ಯಾನ, ಶಾಂತಿ, ಆತ್ಮ ಎಂದು ಮೊದಲೇ ಗೊತ್ತಿರುವ ದೊಡ್ಡ ಮಾತುಗಳು ತಾವಾಗಿಯೇ ಬಂದು ಕೂರುವುದು ಇನ್ನೊಂದು. ಕವಿತೆ ಏನು ಹೇಳಿತು ಎಂದು ನೋಡುವ ಮೊದಲೇ ನಾವೇ ಅದಕ್ಕೆ ಅರ್ಥ ಹಚ್ಚಿಬಿಟ್ಟಿರುತ್ತೇವೆ.

ಇಲ್ಲಿ ಕೊಟ್ಟಿರುವ ಕ್ರಮ ನಿಂತಿರುವುದು ಒಂದು ತಿಳಿವಳಿಕೆಯ ಮೇಲೆ. ಕವಿತೆಯಲ್ಲಿ ಮೌನ ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆ ಒಂದು ಮಾತೋ ಸದ್ದೋ ಇರುತ್ತದೆ, ಮುಂದೆ ಇನ್ನೊಂದು ಇರುತ್ತದೆ, ಅದನ್ನು ಕೇಳಿಸಿಕೊಳ್ಳುವ ಕಿವಿಯೊಂದು ಇರುತ್ತದೆ. ಈ ಮೂರನ್ನು ಪದಗಳಲ್ಲಿ ತೋರಿಸಲು ಸಾಧ್ಯವಾದರೆ ಅರ್ಥದ ಮುಕ್ಕಾಲು ಪಾಲು ಕೈಗೆ ಸಿಕ್ಕ ಹಾಗೆ. ಹಾಗಾಗಿ ಮೌನವನ್ನೇ ದಿಟ್ಟಿಸುವುದಕ್ಕಿಂತ ಅದರ ಅಂಚುಗಳನ್ನು ನೋಡಬೇಕು.

ಅಭ್ಯಾಸಕ್ಕೆಂದೇ ಬರೆದ ಒಂದು ಕವಿತೆ ಇದು. ಲೇಖನದ ಉದ್ದಕ್ಕೂ ಇದನ್ನೇ ಬಳಸುತ್ತೇವೆ.

ಮಾತು ಮುಗಿಸಿ ಅವನೆದ್ದು ಹೋದ.
ಕುರ್ಚಿ ಇನ್ನೂ ನನ್ನ ಕಡೆಗೇ ತಿರುಗಿದೆ.
ಗೋಡೆಯ ಗಡಿಯಾರ
ಈಗಷ್ಟೇ ನಡೆಯತೊಡಗಿದೆ.

ಅಚ್ಚಿನಲ್ಲಿ 13 ಪದ. ಮೌನ ಎಂಬ ಪದ ಎಲ್ಲೂ ಇಲ್ಲ. ಮೌನದ ಒಳ್ಳೆಯ ಕವಿತೆಗಳು ಬಹಳಷ್ಟು ಸಲ ಹೀಗೇ ಇರುತ್ತವೆ.

ಕೈಯಲ್ಲಿ ಬರೆದುಕೊಳ್ಳಿ

ಬೇಕಾಗುವುದು ಗೆರೆಯಿಲ್ಲದ ಒಂದು ಹಾಳೆ, ಪೆನ್ಸಿಲ್, ಸುಮಾರು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯನ್ನು ಒಂದೇ ಸಲಕ್ಕೆ ಕಳೆಯದೆ ಎರಡು ಕೂರಿಕೆಗೆ ಹಂಚಿಕೊಳ್ಳಿ, ನಡುವೆ ಒಂದು ರಾತ್ರಿ ಕಳೆಯಲಿ. ಕವಿತೆಯನ್ನು ಹಾಳೆಯ ನಡುವೆ ಬರೆಯಿರಿ. ಸಾಲಿನಿಂದ ಸಾಲಿಗೆ ಎರಡು ಬೆರಳಿನಷ್ಟು ಜಾಗ, ಎರಡೂ ಬದಿಯಲ್ಲಿ ಅಗಲವಾದ ಅಂಚು ಬಿಡಿ. ಗುರುತು ಹಾಕುವುದೆಲ್ಲ ಆ ಜಾಗದಲ್ಲೇ.

ಬರೆಯುವಾಗ ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಿರಿ. ಚುಕ್ಕಿ, ಅಲ್ಪವಿರಾಮ, ಖಾಲಿ ಸಾಲು ಎಲ್ಲವೂ ಇದ್ದ ಹಾಗೇ ಬರಲಿ. ಮೊಬೈಲಿನಲ್ಲಿ ಓದುತ್ತಿದ್ದರೆ ಇಲ್ಲೊಂದು ತೊಡಕಿದೆ: ಪರದೆಯ ಅಗಲ ಸಾಲದೆ ಉದ್ದದ ಸಾಲು ತಾನಾಗಿಯೇ ಎರಡಾಗಿ ಮಡಚಿಕೊಳ್ಳುತ್ತದೆ. ಅದು ಕವಿ ಮುರಿದ ಸಾಲಲ್ಲ. ಫೋನನ್ನು ಅಡ್ಡ ಹಿಡಿದು ನೋಡಿ. ಒಬ್ಬರಿಂದ ಒಬ್ಬರಿಗೆ ದಾಟಿ ಬಂದ ಕವಿತೆಯಾದರೆ ಸಾಲುಗಳು ಸೇರಿಕೊಂಡಿರಬಹುದು, ಚುಕ್ಕಿಗಳು ಉದುರಿರಬಹುದು. ಸಾಧ್ಯವಿದ್ದರೆ ಅಚ್ಚಾದ ಪುಸ್ತಕದ ಪ್ರತಿಯ ಜತೆ ಹೋಲಿಸಿ ನೋಡಿ. ನಾಲ್ಕು ಸಾಲಿನ ಕವಿತೆಯಲ್ಲಿ ಒಂದು ಚುಕ್ಕಿ ಜಾರಿದರೂ ಅರ್ಥ ಪಲ್ಲಟವಾಗುತ್ತದೆ.

ನಮ್ಮ ಕವಿತೆಯನ್ನೇ ನೋಡಿ. ಒಂದನೆಯ, ಎರಡನೆಯ, ನಾಲ್ಕನೆಯ ಸಾಲಿನ ಕೊನೆಗೆ ಚುಕ್ಕಿ ಇದೆ, ಮೂರನೆಯದಕ್ಕಿಲ್ಲ. ನಕಲು ಮಾಡುವಾಗ ಇದನ್ನು ಗಮನಿಸದಿದ್ದರೆ ಮುಂದಿನ ಕೆಲಸ ಕೆಡುತ್ತದೆ.

ಮೂರು ಸಲ ಗಟ್ಟಿಯಾಗಿ

ಮನಸ್ಸಿನಲ್ಲೇ ಓದಿಕೊಂಡರೆ ಸಾಲದು. ಮೌನದ ಕವಿತೆಯಲ್ಲಿ ಕವಿ ಎಲ್ಲಿ ನಿಲ್ಲಿಸಿದ್ದಾನೆ ಎಂಬುದೂ ಅರ್ಥದ ಭಾಗ. ನಿಲ್ಲುವ ಜಾಗ ಕಣ್ಣಿಗಿಂತ ಉಸಿರಿಗೆ ಬೇಗ ಗೊತ್ತಾಗುತ್ತದೆ.

ಮೊದಲ ಸಲ ಯಾರಿಗೋ ಸುದ್ದಿ ಹೇಳುವ ಹಾಗೆ ಸಹಜವಾಗಿ ಓದಿ. ಎರಡನೆಯ ಸಲ ಪ್ರತಿ ಸಾಲಿನ ಕೊನೆಗೂ ಒಂದು ಉಸಿರಿನಷ್ಟು ನಿಲ್ಲಿ, ಚುಕ್ಕಿ ಇರಲಿ ಬಿಡಲಿ. ಮೂರನೆಯ ಸಲ ಸಾಲು ಮುರಿದಿರುವುದನ್ನು ಲೆಕ್ಕಿಸದೆ ಚುಕ್ಕಿ ಇರುವಲ್ಲಿ ಮಾತ್ರ ನಿಲ್ಲಿ. ಎರಡನೆಯ ಓದಿಗೂ ಮೂರನೆಯ ಓದಿಗೂ ಎಲ್ಲಿ ವ್ಯತ್ಯಾಸ ಕೇಳಿಸಿತೋ ಅಲ್ಲಿ ಪೆನ್ಸಿಲಿನಿಂದ ಒಂದು ನಿಲುಗೆರೆ ಹಾಕಿ.

ಇಲ್ಲಿ ಆ ಗೆರೆ ಬೀಳುವುದು "ಗಡಿಯಾರ" ಆದಮೇಲೆ. ಎರಡನೆಯ ಓದಿನಲ್ಲಿ "ಗೋಡೆಯ ಗಡಿಯಾರ" ಎಂದು ನಿಂತಾಗ ಕ್ರಿಯಾಪದ ಇನ್ನೂ ಬಂದಿಲ್ಲ. ಗಡಿಯಾರಕ್ಕೆ ಏನಾಯಿತು ಎಂದು ಓದುಗ ಕಾಯುತ್ತಾನೆ. ಒಬ್ಬ ಎದ್ದು ಹೋಗಿದ್ದಾನೆ, ಖಾಲಿ ಕುರ್ಚಿ ಉಳಿದಿದೆ. ಇಷ್ಟಾದ ಮೇಲೆ ಗಡಿಯಾರ "ನಿಂತಿದೆ" ಎಂದು ಬರುತ್ತದೆ ಎಂದೇ ನಮ್ಮ ನಿರೀಕ್ಷೆ. ದುಃಖದ ಕವಿತೆಗಳಲ್ಲಿ ನಿಂತ ಗಡಿಯಾರವನ್ನು ಅಷ್ಟು ಸಲ ನೋಡಿದ್ದೇವೆ. ಈ ಕವಿತೆ ಅದಕ್ಕೆ ತದ್ವಿರುದ್ಧವಾಗಿ ಗಡಿಯಾರವನ್ನು ಹೊರಡಿಸುತ್ತದೆ. ಹಾಗೆ ತಿರುಗುವ ಜಾಗ ಸಾಲು ಮುರಿದ ಜಾಗವೇ. ಅಂಚಿನಲ್ಲಿ ಬರೆದಿಡಿ: "ನಿರೀಕ್ಷೆ, ನಿಂತಿದೆ. ಬಂದದ್ದು, ನಡೆಯತೊಡಗಿದೆ."

ಮೊದಲು ನೇರ ಅರ್ಥ

ಒಳಾರ್ಥಕ್ಕೆ ಕೈ ಹಾಕುವ ಮೊದಲು ಕವಿತೆಯನ್ನು ಸಾದಾ ಗದ್ಯದಲ್ಲಿ ಬರೆಯಿರಿ. ಹಳಗನ್ನಡ ಪದ್ಯಕ್ಕೆ ಅನ್ವಯ ಬರೆಯುವ, ಅಂದರೆ ಪದಗಳನ್ನು ಗದ್ಯದ ಕ್ರಮದಲ್ಲಿ ಜೋಡಿಸುವ ಪದ್ಧತಿ ಇದೆಯಲ್ಲ, ಅದನ್ನೇ ಹೊಸ ಕವಿತೆಗೂ ಮಾಡಬೇಕು. ಕವಿತೆಯಲ್ಲಿ ಇಲ್ಲದ ಒಂದು ಸಂಗತಿಯನ್ನೂ ಸೇರಿಸಬಾರದು. "ದುಃಖದಿಂದ", "ಒಂಟಿಯಾಗಿ", "ಕೋಪಗೊಂಡು" ಎಂಬ ಪದಗಳು ತಾವಾಗಿ ನುಸುಳುತ್ತವೆ. ನುಸುಳಿದ್ದನ್ನು ಹೊಡೆದುಹಾಕಿ.

ನೇರ ಅರ್ಥ ಇಷ್ಟು: ಅವನು ಮಾತು ಮುಗಿಸಿದ, ಎದ್ದ, ಹೋದ. ಕುರ್ಚಿ ಈಗಲೂ ನನ್ನ ಕಡೆಗೇ ತಿರುಗಿಕೊಂಡಿದೆ. ಗೋಡೆಯ ಮೇಲಿನ ಗಡಿಯಾರ ಇದೀಗ ನಡೆಯಲು ಶುರುಮಾಡಿದೆ.

ಆಮೇಲೆ ಒಂದು ಚಿಕ್ಕ ಪಟ್ಟಿ ಮಾಡಿ: ಕ್ರಿಯಾಪದ ಯಾವುದು, ಅದನ್ನು ಮಾಡುವವರು ಯಾರು. ನಮ್ಮ ಅನುಭವದಲ್ಲಿ ಅರ್ಥ ಸಿಗದೆ ತಡಕಾಡುವ ಓದುಗರಿಗೆ ಇಷ್ಟು ನೆರವಾಗುವ ಹೆಜ್ಜೆ ಇನ್ನೊಂದಿಲ್ಲ. ಇಲ್ಲಿ ಪೂರ್ಣಕ್ರಿಯೆಗಳು, ಅಂದರೆ ವಾಕ್ಯವನ್ನು ಮುಗಿಸುವ ಕ್ರಿಯಾಪದಗಳು, ಮೂರು. ಹೋದ, ಅದು ಅವನದು. ತಿರುಗಿದೆ, ಅದು ಕುರ್ಚಿಯದು. ನಡೆಯತೊಡಗಿದೆ, ಅದು ಗಡಿಯಾರದ್ದು. ಕವಿತೆ ಹೇಳುತ್ತಿರುವ "ನಾನು" ಮಾಡಿದ್ದು ಏನೂ ಇಲ್ಲ. ಆ ವ್ಯಕ್ತಿ ಕಾಣಿಸುವುದು "ನನ್ನ ಕಡೆಗೇ" ಎಂಬಲ್ಲಿ ಮಾತ್ರ, ಅದೂ ಕುರ್ಚಿ ಯಾವ ಕಡೆ ತಿರುಗಿದೆ ಎಂದು ಹೇಳಲು. ಕೋಣೆಯಲ್ಲಿರುವ ವಸ್ತುಗಳಿಗೆಲ್ಲ ಕ್ರಿಯೆ ಇದೆ, ಉಳಿದುಕೊಂಡ ಮನುಷ್ಯನಿಗಿಲ್ಲ. "ಅವನು ದಿಗ್ಭ್ರಮೆಗೊಂಡು ಕುಳಿತ" ಎಂದು ಕವಿತೆ ಬಾಯಿಬಿಟ್ಟು ಹೇಳಬೇಕಾಗಿಲ್ಲ, ವ್ಯಾಕರಣವೇ ಆ ಕೆಲಸ ಮಾಡಿದೆ.

ಇನ್ನೊಂದು ಎಚ್ಚರ. ಕನ್ನಡದ "ನಾನು" ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಕವಿತೆಯಲ್ಲಿ ಬೇರೆ ಸುಳಿವಿಲ್ಲದಿದ್ದರೆ ಹೇಳುವವರನ್ನು "ಅವನು" ಎಂದೋ "ಅವಳು" ಎಂದೋ ಗಟ್ಟಿ ಮಾಡಿಕೊಳ್ಳಬೇಡಿ. ಮೇಲೆ "ಅವನು ದಿಗ್ಭ್ರಮೆಗೊಂಡು" ಎಂಬ ವಾಕ್ಯದಲ್ಲಿ ಆ ಊಹೆ ಎಷ್ಟು ಸದ್ದಿಲ್ಲದೆ ಸೇರಿಕೊಂಡಿದೆ ನೋಡಿ. ಕವಿ ಗಂಡಸಾದ ಮಾತ್ರಕ್ಕೆ ಕವಿತೆಯೊಳಗಿನ ನಾನು ಗಂಡಸಾಗಬೇಕಿಲ್ಲ.

ಇದು ಯಾವ ಮೌನ?

ಮೌನದಲ್ಲಿ ಬಗೆಗಳಿವೆ. ಬಗೆ ತಪ್ಪಿದರೆ ಅರ್ಥವೂ ತಪ್ಪುತ್ತದೆ. ಮಾತಾಡಲು ಮನಸ್ಸಿಲ್ಲದ ಮೌನ, ಮಾತೇ ಹೊರಡದ ಮೌನ, ಮಾತಿನ ಅಗತ್ಯವೇ ಇಲ್ಲದ ಮೌನ, ಬಾಯಿ ಮುಚ್ಚಿಸಿದ ಮೌನ, ಯಾರೂ ಇಲ್ಲದ ಜಾಗದ ನಿಶ್ಶಬ್ದ, ಸಾವಿನ ನಂತರದ್ದು, ಉತ್ತರಕ್ಕೆ ಕಾಯುವಾಗಿನದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ, ಸದ್ದಿಲ್ಲ ಅಷ್ಟೆ. ಕವಿತೆಯೊಳಗೆ ಒಂದಕ್ಕೊಂದು ಸಂಬಂಧವಿಲ್ಲ. ಬಾಯಿ ಮುಚ್ಚಿಸಿದ ಮೌನದ ಕವಿತೆಯನ್ನು ಶಾಂತಿಯ ಕವಿತೆ ಎಂದು ಓದಿದರೆ ಅದು ಕವಿತೆಗೆ ಮಾತ್ರವಲ್ಲ, ಅದು ಯಾರ ಪರವಾಗಿ ನಿಂತಿದೆಯೋ ಅವರಿಗೂ ಅನ್ಯಾಯ.

ಬಗೆ ಗುರುತಿಸಲು ನಾಲ್ಕು ಪ್ರಶ್ನೆ ಸಾಕು. ಯಾರ ಮೌನ? ಯಾವುದು ಮುಗಿದ ಮೇಲೆ ಬಂತು? ಯಾವುದು ಬರುವ ಮುನ್ನ? ಯಾರಿಗೆ ಅದು ಕೇಳಿಸುತ್ತಿದೆ? ಒಂದೊಂದಕ್ಕೂ ಉತ್ತರವಾಗಿ ಕವಿತೆಯ ಒಂದು ಪದವನ್ನೇ ತೋರಿಸಬೇಕು. ಪದ ತೋರಿಸಲಾಗದಿದ್ದರೆ ಆ ಪ್ರಶ್ನೆಯ ಮುಂದೆ ಸೊನ್ನೆ ಬರೆಯಿರಿ. ಸೊನ್ನೆ ಬರೆಯುವುದು ಸೋಲಲ್ಲ. ಕವಿತೆ ಬೇಕೆಂದೇ ಬಿಟ್ಟ ಜಾಗ ಯಾವುದು ಎಂದು ಅದರಿಂದಲೇ ತಿಳಿಯುತ್ತದೆ.

ನಮ್ಮ ಕವಿತೆಗೆ ಕೇಳೋಣ. ಯಾವುದು ಮುಗಿದ ಮೇಲೆ? "ಮಾತು ಮುಗಿಸಿ", ಉತ್ತರ ಮೊದಲ ಎರಡು ಪದದಲ್ಲೇ ಇದೆ. ಯಾರಿಗೆ ಕೇಳಿಸುತ್ತಿದೆ? "ನನ್ನ". ಯಾರ ಮೌನ? "ಕುರ್ಚಿ", "ಗೋಡೆ" ಇರುವ ಕೋಣೆಯದು, ಜತೆಗೆ "ನನ್ನ" ಎನ್ನುವ ಆ ನಾನುವಿನದು. ಯಾವುದು ಬರುವ ಮುನ್ನ? ಇಲ್ಲಿ ಸೊನ್ನೆ. ಮುಂದೇನು ಎಂದು ಕವಿತೆ ಹೇಳುವುದಿಲ್ಲ. ಹಾಗಾಗಿ ಇದನ್ನು ಕಾಯುವಿಕೆಯ ಕವಿತೆ ಎನ್ನಲು ಆಧಾರವಿಲ್ಲ. ಮಾತು ನಿಂತ ಕೂಡಲೇ ಸುತ್ತಲಿನದು ಕಿವಿಗೆ ಬೀಳುವ, ಆ ಮೊದಲ ಕೆಲವು ಕ್ಷಣಗಳ ಮೌನ ಇದು.

ಸಣ್ಣ ಪದಗಳ ಮೇಲೆ ಕಣ್ಣು

ಕಿರುಗವಿತೆಯಲ್ಲಿ ಭಾರ ಹೊರುವುದು ಸಾಮಾನ್ಯವಾಗಿ ದೊಡ್ಡ ನಾಮಪದಗಳಲ್ಲ. ಇನ್ನೂ, ಆಗಲೇ, ಬರೀ, ಸುಮ್ಮನೆ, ಮತ್ತೆ, ಆದರೂ ಎಂಬ ಪದಗಳು. ಪದದ ತುದಿಗೆ ಅಂಟುವ ಏ, ಊ, ಓ. ಕನ್ನಡದಲ್ಲಿ ಮಾತಿನ ಧಾಟಿ ಕೂತಿರುವುದೇ ಇವುಗಳಲ್ಲಿ. ಇವುಗಳಿಗೆ ಸುತ್ತು ಹಾಕಿ. ಆಮೇಲೆ ಎರಡು ಪರೀಕ್ಷೆ ಮಾಡಿ: ಒಂದು, ಆ ಪದವನ್ನು ತೆಗೆದು ಓದುವುದು. ಎರಡು, ಅದರ ಜಾಗದಲ್ಲಿ ನೆರೆಯ ಪದವೊಂದನ್ನು ಇಟ್ಟು ಓದುವುದು.

"ಕುರ್ಚಿ ನನ್ನ ಕಡೆ ತಿರುಗಿದೆ." ಇನ್ನೂ ಹೋಯಿತು, ಏಕಾರ ಹೋಯಿತು. ಈಗ ಇದು ಕುರ್ಚಿ ಎಲ್ಲಿದೆ ಎಂಬ ವರದಿ ಅಷ್ಟೆ. "ಇನ್ನೂ" ಇದ್ದಾಗ ಒಂದು ಹಿಂದಿನ ಹೊತ್ತು ಎದ್ದು ಬರುತ್ತದೆ: ಸ್ವಲ್ಪ ಮುಂಚೆ ಅವನು ಅದರಲ್ಲಿ ಕೂತು ನನ್ನನ್ನೇ ನೋಡಿ ಮಾತಾಡುತ್ತಿದ್ದ. ಅವನು ಹೋದರೂ ಅವನು ಕೂತಿದ್ದ ದಿಕ್ಕು ಹೋಗಿಲ್ಲ. "ಕಡೆಗೇ" ಎಂಬಲ್ಲಿನ ಏಕಾರ ಅದಕ್ಕೆ ಒತ್ತು ಕೊಡುತ್ತದೆ. ಆ ಒತ್ತು ಅಕ್ಕರೆಯದೋ ಆರೋಪದ್ದೋ? ಎರಡಕ್ಕೂ ಜಾಗವಿದೆ. ಒಂದನ್ನು ಆರಿಸಲೇಬೇಕೆಂಬ ಅವಸರ ಬೇಡ. ಅಂಚಿನಲ್ಲಿ ಎರಡನ್ನೂ ಬರೆದು ಮುಂದೆ ಹೋಗಿ.

"ಮುಗಿಸಿ" ಎಂಬಲ್ಲಿ "ಮುಗಿದು" ಇಟ್ಟು ನೋಡಿ. ಮಾತು ಮುಗಿಯುವುದು ಬೇರೆ, ಒಬ್ಬ ಮಾತು ಮುಗಿಸುವುದು ಬೇರೆ. ಮುಗಿಸಿದ್ದು ಅವನು. ಅಂದಮೇಲೆ ನನ್ನ ಮಾತು ಬಾಕಿ ಇದ್ದಿರಬಹುದು. ಮೇಲೆ ಸಿಕ್ಕ ಸಂಗತಿ, ನಾನುವಿಗೆ ಒಂದು ಕ್ರಿಯಾಪದವೂ ಇಲ್ಲ ಎಂಬುದು, ಇದರ ಜತೆ ಸೇರಿಕೊಳ್ಳುತ್ತದೆ. ಹೀಗೆ ಎರಡು ಬೇರೆ ಬೇರೆ ಪದಗಳಿಂದ ಒಂದೇ ಕಡೆಗೆ ಸುಳಿವು ಸಿಕ್ಕಾಗ ಓದು ಗಟ್ಟಿಯಾಗುತ್ತಿದೆ ಎಂದು ತಿಳಿಯಬಹುದು. ಒಂದೇ ಪದದ ಮೇಲೆ ನಿಂತ ಅರ್ಥವನ್ನು ನಂಬಬೇಡಿ.

"ಅವನು" ಎಂಬ ಏಕವಚನವನ್ನೂ ಬಿಡಬೇಡಿ. "ಅವರೆದ್ದು ಹೋದರು" ಎಂದಿದ್ದರೆ ನಡುವೆ ಮರ್ಯಾದೆಯ ಅಂತರ ಇರುತ್ತಿತ್ತು. ಏಕವಚನ ಸಲಿಗೆಯದಾಗಿರಬಹುದು, ಕಿರಿಯನ ಕುರಿತದ್ದಾಗಿರಬಹುದು, ಮುನಿಸಿನದೂ ಆಗಿರಬಹುದು. ಅಪರಿಚಿತರ ನಡುವಿನ ಮಾತಾಗಿರುವ ಸಾಧ್ಯತೆ ಕಡಿಮೆ.

ಎಲ್ಲಕ್ಕಿಂತ ಮುಖ್ಯ ಪದ "ಈಗಷ್ಟೇ". ಅದರ ಜಾಗದಲ್ಲಿ "ಈಗಲೂ" ಇಟ್ಟರೆ ಗಡಿಯಾರ ತನ್ನ ಪಾಡಿಗೆ ನಡೆಯುತ್ತಲೇ ಇದೆ ಎಂದಾಗುತ್ತದೆ, ಕವಿತೆ ಜಗತ್ತಿನ ನಿರ್ಲಿಪ್ತತೆಯ ಕಡೆ ಹೊರಳುತ್ತದೆ. "ಈಗ ಕೇಳಿಸುತ್ತಿದೆ" ಎಂದರೆ ಕವಿಯೇ ಅರ್ಥ ಬಿಡಿಸಿ ಹೇಳಿದ ಹಾಗಾಗುತ್ತದೆ, ಓದುಗನಿಗೆ ಕೆಲಸ ಉಳಿಯುವುದಿಲ್ಲ. "ಈಗಷ್ಟೇ ನಡೆಯತೊಡಗಿದೆ" ಎಂದಾಗ ಮಾತ್ರ ಇಲ್ಲಿಯವರೆಗೆ ಅದು ನಡೆದಿರಲೇ ಇಲ್ಲ ಎಂಬ ವಿಚಿತ್ರ ಮಾತು ಹುಟ್ಟುತ್ತದೆ. ಇದಕ್ಕೆ ಮತ್ತೆ ಬರೋಣ.

ಮಾತ್ರೆಯ ಲೆಕ್ಕ

ಛಂದಸ್ಸಿಲ್ಲದ ಹೊಸ ಕವಿತೆಗೆ ಪ್ರಸ್ತಾರ ಹಾಕುವುದೇಕೆ, ಅಂದರೆ ಲಘು ಗುರು ಗುರುತಿಸಿ ಮಾತ್ರೆ ಎಣಿಸುವುದೇಕೆ ಎಂದು ಕೇಳುವವರಿದ್ದಾರೆ. ಗಣ ಹುಡುಕಲು ಅಲ್ಲ, ವೇಗ ತಿಳಿಯಲು. ನಿಯಮ ಶಾಲೆಯಲ್ಲಿ ಕಲಿತದ್ದೇ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಅನುಸ್ವಾರ, ವಿಸರ್ಗ ಕೂಡಿದ್ದು ಗುರು. ವ್ಯಂಜನದಲ್ಲಿ ಕೊನೆಯಾಗುವುದೂ ಗುರು. ಎ, ಒ ಹ್ರಸ್ವ. ಏ, ಓ ದೀರ್ಘ. ಐ, ಔ ಎರಡೂ ಗುರು.

ನಮ್ಮ ಕವಿತೆಯ ನಾಲ್ಕು ಸಾಲಿಗೆ ಕ್ರಮವಾಗಿ 14, 18, 9, 13 ಮಾತ್ರೆ. ಮೂರನೆಯದು ಎರಡನೆಯದರ ಅರ್ಧ. ಸಾಲು ಅಲ್ಲಿ ತಟ್ಟನೆ ಮೋಟಾಗಿ ನಿಲ್ಲುತ್ತದೆ. ಗಟ್ಟಿಯಾಗಿ ಓದಿದಾಗ ನಿಲುಗೆರೆ ಬಿದ್ದದ್ದು ಇಲ್ಲೇ.

ಕೊನೆಯ ಸಾಲನ್ನು ಅಕ್ಷರ ಅಕ್ಷರವಾಗಿ ಬಿಡಿಸಿ. ಈ, ಗ, ಷ್ಟೇ. ಮೊದಲನೆಯದು ದೀರ್ಘ, ಎರಡನೆಯದರ ಮುಂದೆ ಒತ್ತಕ್ಷರ ಇದೆ, ಮೂರನೆಯದು ಮತ್ತೆ ದೀರ್ಘ. ಮೂರೂ ಗುರು. ನಂತರ ನ, ಡೆ, ಯ, ತೊ, ಡ, ಗಿ, ದೆ. ಏಳೂ ಲಘು. ಮೂರು ಭಾರವಾದ ಹೆಜ್ಜೆ ಇಟ್ಟು ಸಾಲು ತಡೆದು ನಿಲ್ಲುತ್ತದೆ, ಆಮೇಲೆ ಏಳು ಸಮನಾದ ಬಡಿತ ಒಂದರ ಹಿಂದೊಂದು ಬರುತ್ತವೆ. ಗಡಿಯಾರದ ಮುಳ್ಳಿನ ಸದ್ದನ್ನು ಕವಿತೆ ಎಲ್ಲೂ ಹೆಸರಿಸಿಲ್ಲ, ನಾಲಗೆಯಲ್ಲಿ ಆಡಿಸಿದೆ. ಇಡೀ ಕವಿತೆಯಲ್ಲಿ ಎಡೆಯಿಲ್ಲದೆ ಏಳು ಲಘು ಒಂದೇ ಪದದಲ್ಲಿ ಬರುವುದು ಇಲ್ಲೊಂದೇ ಕಡೆ.

ಇಲ್ಲಿ ಅತಿಗೆ ಹೋಗುವ ಅಪಾಯವಿದೆ. ಲಘು ಎಂದರೆ ಸಂತೋಷ, ಗುರು ಎಂದರೆ ದುಃಖ ಎಂದೆಲ್ಲ ಸೂತ್ರ ಮಾಡಿಕೊಳ್ಳಬೇಡಿ. ನಾದಕ್ಕೆ ಸ್ವಂತ ಅರ್ಥವಿಲ್ಲ. ಪದದ ಅರ್ಥ ಒಂದು ಕಡೆ ತೋರಿಸುತ್ತಿರುವಾಗ ನಾದವೂ ಅದೇ ಕಡೆ ವಾಲಿದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅನುವಾದಗೊಂಡ ಕವಿತೆಯಾದರೆ ಈ ಹೆಜ್ಜೆಯನ್ನೇ ಬಿಟ್ಟುಬಿಡಿ. ಜಪಾನಿನ ಕಿರುಗವಿತೆಯಾದ ಹೈಕುವಿನ 5, 7, 5 ಎಂಬ 17 ನಾದದ ಎಣಿಕೆ ಆ ಭಾಷೆಯದು. ಕನ್ನಡದ ಅನುವಾದದಲ್ಲಿ ಮಾತ್ರೆ ಎಣಿಸಿ ಮೂಲದ ಬಗ್ಗೆ ತೀರ್ಮಾನ ಹೇಳಲಾಗದು.

ನೇರ ಅರ್ಥ ಎಲ್ಲಿ ಕೈಕೊಡುತ್ತದೆ?

9ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನಿಯ, ಅಂದರೆ ಬಾಯಿಬಿಟ್ಟು ಹೇಳದೆ ಹೊಳೆಯುವ ಅರ್ಥದ, ವಿಚಾರವನ್ನು ಶಾಸ್ತ್ರವಾಗಿ ಕಟ್ಟಿದ. ಅಭಿಧಾ (ನೇರ ಅರ್ಥ), ಲಕ್ಷಣಾ (ನೇರ ಅರ್ಥ ಹೊಂದದಾಗ ಹಿಡಿಯುವ ಹತ್ತಿರದ ಅರ್ಥ), ವ್ಯಂಜನಾ (ಹೊಳೆಯುವ ಅರ್ಥ) ಎಂಬ ಮೂರು ಹೆಸರು ಕಾವ್ಯಮೀಮಾಂಸೆ ಓದಿದವರಿಗೆಲ್ಲ ಪರಿಚಿತ, ಇವು ಅರ್ಥದ ಮೂರು ಮೆಟ್ಟಿಲು. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟುಬಿಡುವ ಈ ಮೂರು ಪದಗಳು ನಿಜವಾಗಿ ಕೈಯಲ್ಲಿ ಹಿಡಿದು ಬಳಸಬಹುದಾದ ಉಪಕರಣ. ಮೀಮಾಂಸಕರು ಕೊಡುವ ಹಳೆಯ ಉದಾಹರಣೆ "ಗಂಗೆಯಲ್ಲಿ ಗೊಲ್ಲರ ಹಳ್ಳಿ". ನೀರಿನ ಮೇಲೆ ಹಳ್ಳಿ ಇರಲಾರದು, ಇದು ಮುಖ್ಯಾರ್ಥಕ್ಕೆ ಬಾಧೆ. ಆದ್ದರಿಂದ ಗಂಗೆಯ ದಡ ಎಂದು ತಿಳಿಯುತ್ತೇವೆ, ಇದು ಲಕ್ಷಣೆ. ದಡ ಎಂದೇ ಹೇಳಬಹುದಿತ್ತು, ಹೇಳದೆ ಇದ್ದುದರಿಂದ ಆ ಹಳ್ಳಿಯ ತಂಪೂ ಪಾವಿತ್ರ್ಯವೂ ಹೊಳೆಯುತ್ತವೆ, ಇದು ವ್ಯಂಜನೆ.

ಕವಿತೆಯಲ್ಲಿ ಮಾಡಬೇಕಾದ್ದೂ ಇದೇ. ನೇರ ಅರ್ಥ ನಂಬಲಾಗದ ಜಾಗ ಯಾವುದು ಎಂದು ಹುಡುಕಿ. ಮೊದಲ ಸಾಲು ನಂಬಬಹುದು. ಎರಡನೆಯದೂ ಸರಿ. "ಗಡಿಯಾರ ಈಗಷ್ಟೇ ನಡೆಯತೊಡಗಿದೆ" ಎಂಬುದನ್ನು ನಂಬಲಾಗದು, ಗೋಡೆಯ ಗಡಿಯಾರ ಯಾರೂ ಮುಟ್ಟದೆ ಆ ಕ್ಷಣಕ್ಕೆ ಸರಿಯಾಗಿ ಹೊರಡುವುದಿಲ್ಲ. ಹಾಗಾದರೆ ಶುರುವಾದದ್ದು ಅದರ ಸದ್ದು ಕೇಳಿಸುವುದು. ಇದು ಎರಡನೆಯ ಮೆಟ್ಟಿಲು. ಬಹಳ ಓದುಗರು ಇಲ್ಲಿಗೆ ನಿಲ್ಲಿಸುತ್ತಾರೆ, "ಅವನು ಹೋದ ಮೇಲೆ ಎಷ್ಟು ಮೌನವಾಯಿತೆಂದರೆ ಗಡಿಯಾರದ ಸದ್ದು ಕೇಳಿಸಿತು" ಎಂದು. ತಪ್ಪಲ್ಲ, ಅರ್ಧವಾಯಿತು. ಸದ್ದು ಕೇಳಿಸಿತು ಎನ್ನುವ ಬದಲು ನಡೆಯತೊಡಗಿದೆ ಎಂದದ್ದು ಏಕೆ? ಆ ಮಾತಿನ ಹೊತ್ತಿನಲ್ಲಿ ನಾನುವಿಗೆ ಕಾಲದ ಪರಿವೆಯೇ ಇರಲಿಲ್ಲ. ಈಗ ಶುರುವಾಗಿರುವುದು ಅವನಿಲ್ಲದೆ ಕಳೆಯಬೇಕಾದ ಹೊತ್ತು, ಅದರ ಎಣಿಕೆ ಸೊನ್ನೆಯಿಂದ ಹೊರಟಿದೆ. "ನಡೆ" ಎಂಬ ಕ್ರಿಯೆಯೂ ಸುಮ್ಮನೆ ಬಂದದ್ದಲ್ಲ. ಅವನು ಹೋದ, ಗಡಿಯಾರ ನಡೆಯತೊಡಗಿತು, ನಾನು ಮಾತ್ರ ಇದ್ದಲ್ಲೇ.

ಮೂರನೆಯ ಮೆಟ್ಟಿಲು ಹತ್ತುವಾಗ ಒಂದು ನಿಯಮ: ಹೊಳೆದ ಅರ್ಥ ಎರಡನೆಯ ಮೆಟ್ಟಿಲಿನಿಂದಲೇ ಹೊರಟಿರಬೇಕು. ಮೊದಲ ಮೆಟ್ಟಿಲಿನಿಂದ ನೇರ ಹಾರಿದರೆ ಅದು ನಮ್ಮ ಕಲ್ಪನೆಯೇ ಹೊರತು ಕವಿತೆಯದಲ್ಲ.

ಶೀರ್ಷಿಕೆಯನ್ನು ಕೊನೆಗೆ ಇಡಿ

ಶೀರ್ಷಿಕೆ ಇದ್ದರೆ ಮೊದಲ ಕೂರಿಕೆಯಲ್ಲಿ ಅದನ್ನು ಮುಚ್ಚಿಡಿ. ಮೌನದ ಕವಿತೆಗಳಿಗೆ ಹೆಚ್ಚಾಗಿ "ಮೌನ" ಎಂದೇ ಹೆಸರಿಟ್ಟಿರುತ್ತಾರೆ. ಅದನ್ನು ಮೊದಲೇ ನೋಡಿದರೆ ಎಲ್ಲ ಸಾಲೂ ಅದಕ್ಕೆ ವಿವರಣೆಯಂತೆ ಕಾಣತೊಡಗುತ್ತವೆ. ನಮ್ಮ ಕವಿತೆಗೆ ಹೆಸರಿಲ್ಲ. ಬೇರೆ ಬೇರೆ ಹೆಸರಿಟ್ಟು ಓದಿ ನೋಡಿ. "ಮಗ" ಎಂದಿಟ್ಟರೆ ಏಕವಚನ ಸಹಜವಾಗುತ್ತದೆ, ನನ್ನ ಕಡೆಗೇ ತಿರುಗಿದ ಕುರ್ಚಿ ಪ್ರಶ್ನೆ ಕೇಳುತ್ತಿರುವಂತೆ ತೋರುತ್ತದೆ. "ಗೆಳೆಯ" ಎಂದರೆ ಅದೇ ಕುರ್ಚಿ ಸಂಜೆಯ ಹರಟೆಯ ನೆನಪಾಗಬಹುದು. "ವಿಚಾರಣೆ" ಎಂದರೆ ಕೋಣೆಯೇ ಬದಲಾಗುತ್ತದೆ, "ಮುಗಿಸಿ" ಎಂಬುದಕ್ಕೆ ಅಧಿಕಾರದ ಧ್ವನಿ ಬರುತ್ತದೆ. ಹೀಗೆ ಮಾಡಿದಾಗ ಯಾವ ಅರ್ಥ ಸಾಲಿನೊಳಗಿನಿಂದ ಬಂದದ್ದು, ಯಾವುದು ಹೆಸರಿನಿಂದ ಸುರಿದದ್ದು ಎಂದು ಬೇರೆ ಮಾಡಬಹುದು. ನಿಜವಾದ ಶೀರ್ಷಿಕೆಯನ್ನು ತೆರೆದು ನೋಡುವುದು ಎರಡನೆಯ ದಿನ.

ಅರ್ಥವನ್ನು ಬರೆದು, ಅಲುಗಾಡಿಸಿ ನೋಡುವುದು

ಎರಡನೆಯ ಕೂರಿಕೆಯಲ್ಲಿ ಕವಿತೆಯನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ, ಹಾಳೆಯ ಕೆಳಗೆ ಎರಡೋ ಮೂರೋ ವಾಕ್ಯದಲ್ಲಿ ಅರ್ಥ ಬರೆಯಿರಿ. ಹೆಚ್ಚು ಬೇಡ. ಪುಟಗಟ್ಟಲೆ ಬರೆಯತೊಡಗಿದರೆ ಕವಿತೆ ಹಿಂದೆ ಸರಿದು ನಮ್ಮ ವಿಚಾರಗಳು ಮುಂದೆ ಬರುತ್ತವೆ. "ಈ ಕವಿತೆ ಮೌನದ ಮಹತ್ವವನ್ನು ಸಾರುತ್ತದೆ" ಎಂಬ ವಾಕ್ಯ ಬಂದರೆ ಹೊಡೆದುಹಾಕಿ. ಅದು ಯಾವ ಕವಿತೆಗೆ ಬೇಕಾದರೂ ಹೊಂದುವ ವಾಕ್ಯ.

ನಿಲ್ಲುವ ಓದು ಹೀಗಿರಬಹುದು: "ಹತ್ತಿರದವನೊಬ್ಬ ತಾನೇ ಮಾತು ಮುಗಿಸಿ ಹೊರಟುಹೋಗಿದ್ದಾನೆ. ಅಲ್ಲೇ ಉಳಿದ ವ್ಯಕ್ತಿ ಅಲುಗಾಡಿಲ್ಲ, ಅವನ ಗಮನ ಮಾತ್ರ ಖಾಲಿ ಕುರ್ಚಿಯ ರೂಪದಲ್ಲಿ ಎದುರಿಗಿದೆ. ಅವನಿದ್ದಾಗ ಗೊತ್ತಾಗದಿದ್ದ ಕಾಲ ಈಗ ಎಣಿಕೆಗೆ ಬರತೊಡಗಿದೆ." ಒಂದೊಂದು ವಾಕ್ಯದ ಕೆಳಗೂ ಆಧಾರದ ಪದ ಬರೆಯಬಹುದು. ಮೊದಲನೆಯದಕ್ಕೆ ಅವನು, ಮುಗಿಸಿ, ಹೋದ. ಎರಡನೆಯದಕ್ಕೆ ಇನ್ನೂ, ಕಡೆಗೇ, ಜತೆಗೆ ನಾನುವಿಗೆ ಕ್ರಿಯೆ ಇಲ್ಲದಿರುವುದು. ಮೂರನೆಯದಕ್ಕೆ ಈಗಷ್ಟೇ, ನಡೆಯತೊಡಗಿದೆ.

ನಿಲ್ಲದ ಓದುಗಳೂ ಇವೆ. "ಗಡಿಯಾರ ಸಾವಿನ ಸಂಕೇತ, ಹೇಳುವವರ ಕೊನೆಗಾಲ ಹತ್ತಿರವಾಗಿದೆ." ಗಡಿಯಾರಕ್ಕೂ ಸಾವಿಗೂ ಬೇರೆ ಕವಿತೆಗಳಲ್ಲಿ ನಂಟಿರಬಹುದು, ಇಲ್ಲಿ ಅದಕ್ಕೆ ಇನ್ನೊಂದು ಪದದ ಬೆಂಬಲವಿಲ್ಲ. ಶುರುವಾದದ್ದನ್ನು ಮುಗಿಯುವುದರ ಸಂಕೇತ ಮಾಡಲು ಕವಿತೆಯ ಎದುರೇ ಈಜಬೇಕಾಗುತ್ತದೆ. "ಮಾತು ಬೆಳ್ಳಿ, ಮೌನ ಬಂಗಾರ ಎಂಬುದೇ ಇದರ ತಾತ್ಪರ್ಯ." ಕವಿತೆ ಮಾತನ್ನೂ ಮೌನವನ್ನೂ ತೂಗಿ ನೋಡಿಯೇ ಇಲ್ಲ. "ಅವನು ಇನ್ನೆಂದೂ ಬರುವುದಿಲ್ಲ." ಹೋದ ಎಂದಷ್ಟೇ ಇದೆ. ಇನ್ನೆಂದೂ ಎಂಬುದು ಓದುಗರ ಮನಸ್ಸಿನಿಂದ ಬಂದದ್ದು. ಈ ಮೂರನೆಯ ತಪ್ಪು ಮೃದುವಾದದ್ದು, ಅದಕ್ಕೇ ಹಿಡಿಯುವುದು ಕಷ್ಟ. ಸ್ವಂತ ಅಗಲಿಕೆಯ ನೋವಿರುವವರು ಈ ಕವಿತೆಯಲ್ಲಿ ಅದನ್ನು ಕಾಣುವುದು ಸಹಜ, ಕಾಣಲಿ. ಕವಿತೆ ನನಗೆ ಏನು ನೆನಪಿಸಿತು ಎಂಬುದನ್ನು ಹಾಳೆಯ ಎಡಕ್ಕೂ, ಕವಿತೆ ಏನು ಹೇಳಿತು ಎಂಬುದನ್ನು ಬಲಕ್ಕೂ ಬರೆದರೆ ಎರಡಕ್ಕೂ ಗೌರವ ಸಲ್ಲುತ್ತದೆ.

ಕವಿಯ ಜೀವನಚರಿತ್ರೆಯನ್ನು ಇದಕ್ಕೂ ಮೊದಲು ಓದಬೇಡಿ. ಗೊತ್ತಾದ ಸಂಗತಿಗಳು ಅರ್ಥವನ್ನು ಒಂದೇ ಕಡೆಗೆ ಎಳೆದುಬಿಡುತ್ತವೆ. ಬರೆದಾದ ಮೇಲೆ ಓದಿ, ಬದಲಿಸಬೇಕೆನ್ನಿಸಿದರೆ ಬದಲಿಸಿ.

ಮೌನ ಎಂದು ಹೆಸರಿಟ್ಟೇ ಹೇಳುವ ಕವಿತೆ

ಕುರ್ಚಿ, ಗಡಿಯಾರ ಏನೂ ಇಲ್ಲದೆ, ಮೌನವೇ ಮಾತು, ಮಾತೇ ಮೌನ ಎಂಬ ಧಾಟಿಯಲ್ಲಿ ಹೋಗುವ ಕವಿತೆಗಳಿವೆ. ಇವುಗಳಲ್ಲಿ ಕ್ರಿಯಾಪದದ ಪಟ್ಟಿ ಮಾಡಿದರೆ ಬಹುತೇಕ ಖಾಲಿ ಬರುತ್ತದೆ. ಆಗ ವಿರೋಧದ ಎರಡು ತುದಿಗಳನ್ನು ಹಿಡಿಯಿರಿ. ಮೌನವನ್ನು ಮಾತು ಎಂದು ಕರೆದರೆ, ಮಾತಿನ ಯಾವ ಗುಣ ಮೌನಕ್ಕೆ ಬಂತು? ಮುಟ್ಟುವ ಗುಣವೇ, ಗಾಯ ಮಾಡುವ ಗುಣವೇ, ಸುಳ್ಳಾಡುವ ಗುಣವೇ? ಕವಿತೆಯ ಉಳಿದ ಸಾಲಿನಲ್ಲಿ ಇದಕ್ಕೆ ಉತ್ತರವಿದ್ದರೆ ಅದು ಓದಿಸಿಕೊಳ್ಳುವ ಕವಿತೆ. ತಿರುವುಮುರುವು ಮಾಡಿ ಇಟ್ಟದ್ದಷ್ಟೇ ಇದ್ದು ಬೇರೇನೂ ಇಲ್ಲದಿದ್ದರೆ, ಅರ್ಥ ಸಿಗದಿದ್ದುದು ನಿಮ್ಮ ಓದಿನ ದೋಷವಲ್ಲ. ಗಂಭೀರವಾಗಿ ಕಾಣುವ ಸಾಲಿನೊಳಗೆಲ್ಲ ಆಳ ಇರಲೇಬೇಕು ಎಂದು ತಲೆ ಕೆಡಿಸಿಕೊಂಡು ಕೂರಬೇಡಿ.

ನೀವೇ ಮಾಡಿ ನೋಡಲು

ಇದೇ ಕ್ರಮವನ್ನು ಈ ಮೂರು ಸಾಲಿನ ಮೇಲೆ ಪ್ರಯೋಗಿಸಿ.

ಹಕ್ಕಿ ಹಾರಿತು.
ಕೊಂಬೆ ಅಲುಗಿ ಅಲುಗಿ
ಸುಮ್ಮನಾಯಿತು.

ಮಾತ್ರೆ 7, 9, 7 ಬರಬೇಕು, ಬರದಿದ್ದರೆ "ಕೊಂಬೆ", "ಸುಮ್ಮನಾಯಿತು" ಎಂಬ ಪದಗಳಲ್ಲಿ ಗುರು ಎಣಿಸುವುದು ತಪ್ಪಿರುತ್ತದೆ. "ಅಲುಗಿ" ಒಂದೇ ಸಲ ಇಟ್ಟು ಓದಿ. ಎರಡು ಸಲ ಬಂದಾಗ ಕೊಂಬೆ ತಟ್ಟನೆ ನಿಲ್ಲದೆ ಹೊತ್ತು ತೆಗೆದುಕೊಳ್ಳುವುದು ಗೊತ್ತಾಗುತ್ತದೆ. "ಸುಮ್ಮನಾಯಿತು" ಎಂಬ ಜಾಗದಲ್ಲಿ "ನಿಂತುಹೋಯಿತು" ಇಡಿ. ಅಲುಗುವುದು ನಿಲ್ಲುತ್ತದೆ, ಸುಮ್ಮನಾಗುವುದು ಅಳುತ್ತಿದ್ದ ಮಗು, ವಾದಿಸುತ್ತಿದ್ದ ಮನುಷ್ಯ. ನೇರ ಅರ್ಥ ಕೈಕೊಡುವ ಜಾಗ ಅದೇ. ಹೋದದ್ದು ಹಕ್ಕಿ, ಸುಮ್ಮನಾದದ್ದು ಕೊಂಬೆ. ಹಾಗಾದರೆ ಅದುವರೆಗೆ ಕೊಂಬೆ ಏನು ಹೇಳುತ್ತಿತ್ತು, ಯಾರಿಗೆ ಎಂಬ ಪ್ರಶ್ನೆಯನ್ನು ಹಾಳೆಯ ತಲೆಯಲ್ಲಿ ಬರೆದುಕೊಂಡು ನಾಲ್ಕು ಪ್ರಶ್ನೆಗಳ ಪಟ್ಟಿಗೆ ಹೋಗಿ. ಕೇಳಿಸಿಕೊಳ್ಳುವವರು ಯಾರು ಎಂಬುದಕ್ಕೆ ಇಲ್ಲಿ ಸೊನ್ನೆ ಬರುತ್ತದೆ. ಈ ಕವಿತೆಯಲ್ಲಿ "ನಾನು" ಇಲ್ಲ. ಅದನ್ನು ತುಂಬಿಸದೆ ಹಾಗೆಯೇ ಬಿಟ್ಟು, ಉಳಿದ ಉತ್ತರಗಳಿಂದ ನಿಮ್ಮ ಎರಡು ವಾಕ್ಯ ಬರೆಯಿರಿ.